ಒಂದೇ ಬಾದಾಮಿಯ ಪಾಯಸ

ಮೊದಲ ಚಮಚಕ್ಕೇ ಊಟದ ಮೇಜಿನ ಸುತ್ತ ಕೂತಿದ್ದ ಎಲ್ಲರ ಬಾಯಿಗೂ ಬಾದಾಮಿ ಸಿಕ್ಕಿತು. ಪಾಯಸ ಮಾಡಿದ್ದ ಕ್ರಿಸ್ಟೀನಾ ಚಮಚ ಕೆಳಗಿಟ್ಟಳು. "ನಾನು ಹಾಕಿದ್ದು ಒಂದೇ ಒಂದು!"

ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಅವಳದು ನಮ್ಮ ಪಕ್ಕದ ಮನೆ, ಹಿರಿಯರು ಸ್ವೀಡನ್ನಿನವರು. ಕ್ರಿಸ್‌ಮಸ್ ಹಿಂದಿನ ದಿನ ಅವರು ಅಕ್ಕಿ-ಹಾಲಿನ ಪಾಯಸದಲ್ಲಿ ಒಂದು ಬಾದಾಮಿ ಬಚ್ಚಿಡುತ್ತಾರೆ. ಅದು ಸಿಕ್ಕವರಿಗೆ ವರ್ಷದೊಳಗೆ ಮದುವೆ ಎಂಬ ನಂಬಿಕೆ. ಪ್ರತಿವರ್ಷ ಆ ಪಾಯಸ ಮಾಡುತ್ತಿದ್ದ ಅವಳ ತಾಯಿ ತೀರಿಕೊಂಡಿದ್ದರು. ಈ ಸಲ ಹಬ್ಬವೇ ಬೇಡ ಎಂದಿದ್ದ ತಂದೆಯನ್ನು ಕ್ರಿಸ್ಟೀನಾ ಒತ್ತಾಯದಿಂದ ಕೂರಿಸಿದ್ದಳು.

ಅಡುಗೆಮನೆಯಲ್ಲಿ ಅವಳಿಗೆ ನೆರವಾಗಿದ್ದ, ಧಾರವಾಡದಿಂದ ಬಂದಿದ್ದ ನನ್ನ ಅಮ್ಮ ಮೆಲ್ಲಗೆ ನನ್ನತ್ತ ವಾಲಿದರು. "ನಾನ ಹಾಕೀನಿ. ಹಬ್ಬದ ಪಾಯಸಕ್ಕ ಒಂದ ಬದಾಮಿ ಏನ್ ಚಂದ? ಡಬ್ಬಿ ಅಲ್ಲೇ ಇತ್ತು, ಒಂದ್ ಹಿಡಿ ಹಾಕಿ ಕೈಯಾಡಿಸಿದೆ."

ತಲೆತಗ್ಗಿಸಿ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದೆ. ಎಂಬತ್ತು ದಾಟಿದ ಆ ತಂದೆ ತಮ್ಮ ಬಟ್ಟಲನ್ನು ಕೆದಕಿ ನೋಡಿದರು. "ಈ ವರ್ಷ ನನಗೆ ನಾಲ್ಕು ಮದುವೆ. ಯಾರಾದರೂ ಹಾಲ್ ಬುಕ್ ಮಾಡಿ!" ನಗುತ್ತಲೇ ಬಟ್ಟಲು ಮುಂದೆ ಚಾಚಿ ಇನ್ನೊಂದು ಸೌಟು ಹಾಕಿಸಿಕೊಂಡರು.

ಬೇರೆಯವರ ಹಬ್ಬದಡುಗೆಗೆ ಕೈ ಹಾಕಬೇಡ ಎಂದು ಅಮ್ಮನಿಗೆ ಹೇಳಬೇಕೆಂದಿದ್ದೆ. ಇನ್ನೂ ಹೇಳಿಲ್ಲ.