ಗಾಡಿಯ ಕೆಳಗಿನ ಹಕ್ಕಿ

ಸೋದರಮಾವನ ಪಿಕಪ್ ಗಾಡಿಯ ಕೆಳಗೆ ಒಂದು ಹಕ್ಕಿ ಕೂಗುತ್ತಿತ್ತು. ಗಾಡಿ ಮೆಲ್ಲಗೆ ಹೊರಟಾಗ ಚೀಂವ್, ಚೀಂವ್ ಎಂದು ಬಿಡಿಬಿಡಿಯಾಗಿ. ವೇಗ ಏರಿದಂತೆ ಒಂದಕ್ಕೊಂದು ಅಂಟಿಕೊಂಡು ಎಂಜಿನ್ನಿನ ಸದ್ದಿನಲ್ಲಿ ಮುಳುಗುತ್ತಿತ್ತು. ಗಾಡಿ ನಿಂತರೆ ಅದೂ ನಿಲ್ಲುತ್ತಿತ್ತು. ಎಂಬತ್ತರ ದಶಕದ ಕೊನೆಯ ಮಾತು. ನಾನು ಆಗಷ್ಟೇ ಬಿ.ಎ. ಮುಗಿಸಿ ಲಿಂಗಸುಗೂರಿನ ಮನೆಯಲ್ಲಿದ್ದೆ. ಮಾವ ಜವಳಗೇರಾದಿಂದ ಅಕ್ಕಿ ತಂದು ನಮ್ಮೂರಿನ ಅಂಗಡಿಗಳಿಗೆ ಹಾಕುತ್ತಿದ್ದ.

ಹಕ್ಕಿಗೆ ಅವನ ಬಳಿ ಮದ್ದಿತ್ತು. ಪ್ರತಿ ಅಮಾವಾಸ್ಯೆ ಜವಳಗೇರಾದ ಕಾಲುವೆಗೆ ಗಾಡಿಯನ್ನು ಅರ್ಧ ಗಾಲಿ ಮುಳುಗುವಷ್ಟು ಇಳಿಸಿ ತೊಳೆಯುತ್ತಿದ್ದ. ಆಮೇಲೆ ಕುಂಕುಮ, ಕಾಯಿ, ಗಾಲಿಯ ಕೆಳಗೆ ನಿಂಬೆಹಣ್ಣು. ಅಲ್ಲಿಂದ ಕೆಲವು ದಿನ ಕೂಗು ಕಡಿಮೆಯಾಗುತ್ತಿತ್ತು.

"ನೋಡಳಿಯಾ, ನಿಮ್ಮ ಕಾಲೇಜಿನ್ಯಾಗ ಇದನ್ನ ಕಲಿಸ್ಯಾರೇನು? ಪೂಜಿ ಆತಂದ್ರ ಹಕ್ಕಿ ಹಾರಿ ಹೋಕ್ಕೇತಿ."

ಅಕ್ಕನನ್ನು ಜವಳಗೇರಾಕ್ಕೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ಅವಳನ್ನು ಕರೆತರಲು ನಾನೂ ಮಾವನೂ ಹೋದಾಗ ಅಮಾವಾಸ್ಯೆ ಆಗಷ್ಟೇ ಕಳೆದಿತ್ತು. ಮುಂದೆ ಕೂತರೆ ಡೀಸೆಲ್ ವಾಸನೆಗೆ ಅವಳಿಗೆ ವಾಂತಿ. ಹಾಗಾಗಿ ಹಿಂದೆ, ತುಕ್ಕು ತಿಂದ ತಗಡಿನ ಮೇಲೆ ಜೋಡಿಸಿದ್ದ ಹಲಗೆಗಳ ನಡುವಿಗೆ ಗಾದಿ ಹಾಸಿ ಕೂಡಿಸಿದೆವು. ನಾನು ಪಕ್ಕದಲ್ಲಿದ್ದೆ. ಮೂಲೆಯಲ್ಲಿ ಒಂದು ಅಕ್ಕಿ ಚೀಲವಿತ್ತು.

ಸಿಂಧನೂರು ದಾಟಿ ಮಸ್ಕಿಯನ್ನೂ ದಾಟಿದೆವು. ನೆತ್ತಿಯ ಮೇಲೆ ಸೂರ್ಯ. ಜೋಳ ಕೊಯ್ದ ಹೊಲಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕ ನೆಟ್ಟಗೆ ಕೂತಳು.

"ತಮ್ಮಾ, ಹಕ್ಕಿ ಎಲ್ಲಿ ಹೋತು?"

"ಮಾಮಾ ತೊಳದಾನಲ್ಲ."

"ತೊಳದ್ರೂ ಆಗೊಮ್ಮೆ ಈಗೊಮ್ಮೆ ಕೂಗ್ತಿತ್ತು. ಈಗ ಕೆಳಗ ಏನೂ ಇಲ್ಲೇನೋ ಅನ್ನಂಗ ಐತಿ. ನಾ ಇಲ್ಲಿ ಕುಂದ್ರಂಗಿಲ್ಲ."

ಒಂದು ಕೈ ಹೊಟ್ಟೆಗೆ ಕೊಟ್ಟು ಅವಳು ಕ್ಯಾಬಿನ್ನಿನ ಮೂಲೆಗೆ ಸರಿದಳು. ಜಾಗ ಮಾಡಲು ನಾನು ಅಕ್ಕಿ ಚೀಲವನ್ನು ಗಾದಿಯ ಮೇಲೆ ಎಳೆದುಹಾಕಿದೆ.

ಮುಂದೆ ಒಂದು ಏರು. ಮಾವ ಗೇರು ಬದಲಿಸಿದ. ಕೆಳಗೆ ಟಕ್ ಎಂದಿತು. ಮರುಕ್ಷಣ ಹಲಗೆ ಸೀಳಿತು. ತೋಳಿನಷ್ಟು ದಪ್ಪದ ಕಬ್ಬಿಣವೊಂದು ಗಾದಿಯನ್ನೂ ಚೀಲವನ್ನೂ ಹರಿದು ಮೇಲೆದ್ದು ಕೆಳಗಿಳಿಯಿತು. ಮತ್ತೆ ಎದ್ದಿತು. ಮತ್ತೆ. ಅದೇ ಜಾಗದಲ್ಲಿ ಏನನ್ನೋ ತಡಕಾಡುವಂತೆ.

ಗಾಡಿ ನಿಂತಿತು. ಎಂಜಿನ್ನೂ ಆರಿತು. ಹಲಗೆಯ ತೂತಿನಿಂದ ಅಕ್ಕಿ ಕಾದ ರಸ್ತೆಗೆ ಸುರಿಯುವ ಸಣ್ಣ ಸದ್ದೊಂದೇ ಕೇಳುತ್ತಿತ್ತು. ಅಕ್ಕ ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟು ಚೀಲವನ್ನೇ ನೋಡುತ್ತಿದ್ದಳು.

ಮಾವ ಹಿಂದೆ ಬಂದು ನೋಡಿದ. "ಯವ್ವಾ, ನೀ ಗಾದಿ ಮ್ಯಾಲ ಕುಂತಿದ್ದೆಲ್ಲ?" ಎಂದ.

"ಕೂಸು ಮಿಸುಕಾಡಾಕತ್ತೇತೇನು?" ಎಂದು ನಾನು ಕೇಳಿದೆ. ಚೀಲ ಖಾಲಿಯಾಗುವವರೆಗೂ ಅವಳು ಹಾಗೇ ಕೂತಿದ್ದಳು. ಆಮೇಲೆ ಹೌದೆಂದು ತಲೆಯಾಡಿಸಿದಳು.

ಹಾದಿಯಲ್ಲಿ ಬಂದ ಬಸ್ಸಿಗೆ ಮಾವ ಅವಳನ್ನು ಹತ್ತಿಸಿಕೊಂಡು ಹೋದ. ಟ್ರ್ಯಾಕ್ಟರ್ ಕಟ್ಟಿಸಿ ಗಾಡಿಯನ್ನು ನಾನು ಮಸ್ಕಿಗೆ ಎಳೆಸಿದೆ. ಎಂಜಿನ್ನಿನಿಂದ ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟು ಕಿತ್ತುಕೊಂಡಿತ್ತು. ಅದನ್ನು ಹಿಡಿದಿಡುವ, ಪ್ಲಸ್ ಗುರುತಿನ ಆಕಾರದ ಕಬ್ಬಿಣಕ್ಕೆ ಕ್ರಾಸ್ ಎನ್ನುತ್ತಾರೆ. ಅದರ ನಾಲ್ಕೂ ತುದಿಗೆ ಒಂದೊಂದು ಟೊಪ್ಪಿಗೆ, ಒಳಗೆ ಸೂಜಿಯಂಥ ಉಕ್ಕಿನ ಕಡ್ಡಿಗಳು. ಮೆಕ್ಯಾನಿಕ್ ಒಂದು ಟೊಪ್ಪಿಗೆಯನ್ನು ಬಡಿದು ಬಿಡಿಸಿ ಅಂಗೈಗೆ ಬೋರಲು ಹಾಕಿದ. ಕೆಂಪು ಪುಡಿ ಬಿತ್ತು.

"ನಿಮ್ಮ ಮಾವಗ ಹೇಳ್ರಿ, ಕೂಗ್ತಿದ್ದದ್ದು ಹಕ್ಕಿ ಅಲ್ಲ. ಗ್ರೀಸ್ ಇಲ್ದ ಸೂಜಿಗೋಳು ಅಳಾಕತ್ತಿದ್ವು. ನೀರು ಹೊಕ್ಕಾಗೆಲ್ಲ ಸುಮ್ಮಗಾಗಿ ತುಕ್ಕು ಹಿಡದಾವ. ಈ ಸಲ ಅಳಾಕ ಯಾರೂ ಉಳದಿಲ್ಲ."

ಸಿಂಧನೂರಿನಿಂದ ಶಾಫ್ಟು ತರಿಸಿ ಹೊಸ ಕ್ರಾಸ್ ಕೂಡಿಸಿದ. ನಾಲ್ಕೂ ಕಡೆ ಉಕ್ಕುವಷ್ಟು ಗ್ರೀಸ್ ಒತ್ತಿದ. ಗಾಡಿಯನ್ನು ಹಿಂದೆ ಮುಂದೆ ಓಡಿಸಿ ತೋರಿಸಿದ. ಒಂಚೂರೂ ಸದ್ದಿರಲಿಲ್ಲ. ಸವೆದು ಮುಗಿದದ್ದೂ ಹೀಗೇ ಸುಮ್ಮನಿತ್ತು.

ಅಕ್ಕನಿಗೆ ಹೆಣ್ಣು ಕೂಸಾಯಿತು. ಬಾಣಂತನದಲ್ಲಿ ಒಂದು ದಿನ ಕೇಳಿದೆ: ಹಕ್ಕಿ ಇಲ್ಲವೆಂದು ನಿನಗೆ ಹೇಗೆ ಗೊತ್ತಾಯಿತು?

"ನಾ ಯಾವಾಗ ಹಂಗಂದೆ? ಬಿಸಲು ಬಡೀತಿತ್ತು, ಸರದೆ."

ಆ ನಡುಹಗಲಲ್ಲಿ ಮೂಲೆಗೂ ಅಷ್ಟೇ ಬಿಸಿಲಿತ್ತು. ಅವಳ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಹಲಗೆ ಸೀಳುವ ಮೊದಲೇ ಅದನ್ನು ಕೇಳಿದೆನೋ, ಆಮೇಲೆ ಕೇಳಿದೆನೋ ಎಂದು ಈಗೀಗ ಅನುಮಾನ ಹುಟ್ಟುತ್ತದೆ. ಆದರೆ ಚೀಲ ಎಳೆದವನು ನಾನೇ. ಅದರ ಭಾರ ಕೈಗೆ ನೆನಪಿದೆ.

ಅವಳನ್ನು ಗಂಡನ ಮನೆಗೆ ಕಳಿಸುವ ದಿನ ಮಾವ ಗಾಡಿ ತಂದ. ಹೊಸ ಹಲಗೆ ಹೊಡೆಸಿದ್ದ. ಅಕ್ಕ ಕೂಸನ್ನು ಎತ್ತಿಕೊಂಡು ಹಿಂದೆ ಹತ್ತಿದಳು, ಜೊತೆಗೆ ನಾನೂ. ಗಾಡಿ ಓಣಿ ದಾಟುವಷ್ಟರಲ್ಲಿ ಹಲಗೆಯ ಮೇಲೆ ಅಂಗೈ ಇಟ್ಟು ನನ್ನ ಕಡೆ ನೋಡಿದಳು.

"ಏನರೆ ಕೇಳಸ್ತೇತೇನು, ತಮ್ಮಾ?"

ಇಲ್ಲವೆಂದೆ.

"ಗಾಡಿ ನಿಂದ್ರಸು, ಮಾಮಾ."

"ಹೊಸಾ ಕ್ರಾಸ್ ಐತೆವ್ವಾ. ಸುಮ್ಮಗಿದ್ರನ ಚಲೋ ಅದು" ಎನ್ನುತ್ತ ಮಾವ ಗಾಡಿ ನಿಲ್ಲಿಸಿದ.

ಅವಳು ಆಗಲೇ ಕೂಸನ್ನು ನನ್ನ ಕೈಗೆ ಕೊಟ್ಟು ಇಳಿಯುತ್ತಿದ್ದಳು. ನಾವು ಬಸ್ಸಿಗೆ ಹೋದೆವು.