ವಿಮಲಮ್ಮ ಬೆರೆಸಿದ ಕೆಂಪು ವೈನ್

ಮೂಡಿಗೆರೆಯ ವಿಮಲಮ್ಮ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಕಾಫಿ ಬೀಜ ಹಸನು ಮಾಡುವ ಕಾರ್ಖಾನೆಗೆ, ಸೇರಿದ್ದು ಕಪ್ಪು ಬೀಜ ಆರಿಸುವ ಕೆಲಸಕ್ಕೆ. ಒಂದು ದಿನ ಮೂಟೆಯೊಂದನ್ನು ಮೂಸಿ, "ಇದಕ್ಕೆ ಸೀಮೆಎಣ್ಣೆ ತಾಗಿದೆ" ಅಂದರು. ಯಾರೂ ನಂಬಲಿಲ್ಲ. ಹುರಿದು ಪುಡಿ ಮಾಡಿ ನೋಡಿದಾಗ ಮಾತು ನಿಜವಾಗಿತ್ತು. ಮರುವಾರವೇ ಅವರನ್ನು ರುಚಿ ನೋಡುವ ಮೇಜಿಗೆ ಹಾಕಿದರು. ಇಪ್ಪತ್ತೇಳು ವರ್ಷ ಚಮಚದಿಂದ ಕಾಫಿಯನ್ನು ಸೊರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಉಗುಳಿ, ಹುಳಿಯೆಷ್ಟು, ಬಾಯಿ ತುಂಬುವ ಗಟ್ಟಿತನ ಅಂದರೆ ಬಾಡಿಯೆಷ್ಟು ಎಂದು ಹೇಳುತ್ತಲೇ ನಿವೃತ್ತರಾದರು.

ಮರುವರ್ಷ, ಅದೇ ವರ್ಕ್ಸ್‌ಗೆ ಕಾಫಿ ಕಳಿಸುತ್ತಿದ್ದ ಬಾಳೂರಿನ ಎಸ್ಟೇಟ್ ಮಾಲೀಕ ಶಶಿಕಿರಣ್ ಅವರ ಜೀಪು ಮನೆಯ ಮುಂದೆ ಬಂದು ನಿಂತಿತು. ಮಗಳು ದಿವ್ಯಾಳ ಮದುವೆಯ ಔತಣಕ್ಕೆ ತಮ್ಮದೇ ಒಂದು ಮೈತುಂಬಿದ ಕೆಂಪು ವೈನ್ ಇರಬೇಕೆಂದು ಅವರ ಆಸೆ. ನಂದಿ ಬೆಟ್ಟದ ಕಡೆ ದ್ರಾಕ್ಷಿ ತೋಟ, ವೈನರಿ ಇಟ್ಟುಕೊಂಡಿರುವ ಗೆಳೆಯ ಷಡಕ್ಷರಿ ಮೂರು ಬಗೆಯ ವೈನ್ ಕಳಿಸಿದ್ದರು: ಗ್ರೆನಾಷ್, ಶಿರಾಜ್, ಮೂರ್ವೆಡ್ರ್. ಮೂರೂ ದಕ್ಷಿಣ ಫ್ರಾನ್ಸಿನಲ್ಲಿ ಬೆಳೆಯುವ ದ್ರಾಕ್ಷಿ ತಳಿಗಳು. ಅಲ್ಲಿ ಇವನ್ನು ಒಂದರೊಡನೊಂದು ಬೆರೆಸುವುದೇ ವಾಡಿಕೆಯಂತೆ. ಶಶಿಕಿರಣ್ ಸಮಸಮ ಬೆರೆಸಿ ನೋಡಿದ್ದರು.

"ಕಷಾಯದ ಹಾಗಾಯ್ತು. ನೀವು ಒಂದ್ಸಲ ಬಂದು ನೋಡ್ಬೇಕು ವಿಮಲಮ್ಮ."

"ನಾನು ಅದನ್ನೆಲ್ಲ ಕುಡಿಯೋಳಲ್ಲ."

ಜಗಲಿಯಲ್ಲಿದ್ದ ಗಂಡ ತಮ್ಮಯ್ಯ ಪೇಪರ್ ಮಡಿಸಿದರು. "ಅಲ್ಲಿ ಕಾಫೀನಾದ್ರೂ ಕುಡೀತಿದ್ಯಾ ಮಾರಾಯ್ತಿ? ಉಗುಳ್ತಿದ್ದೆ. ಇದನ್ನೂ ಉಗುಳು."

ಎಸ್ಟೇಟ್ ಬಂಗಲೆಯಲ್ಲಿ ವಿಮಲಮ್ಮ ಕೇಳಿದ್ದು ಮೂರೇ: ಚಮಚ, ಅಳತೆ ಲೋಟ, ಬಕೆಟ್. ಗ್ರೆನಾಷ್ ಎಳೆದು ಉಗುಳಿ, "ಹಣ್ಣಿನ ಘಮ ಇದೆ. ಆದ್ರೆ ನಾಲಿಗೆ ಮೇಲೆ ನಿಲ್ಲಲ್ಲ" ಅಂದರು. ಶಿರಾಜ್‌ಗೆ ತಲೆಯಾಡಿಸಿದರು. "ಕಾಳುಮೆಣಸು. ಬಣ್ಣಾನೂ ಚೆನ್ನಾಗಿದೆ." ಮೂರನೆಯದಕ್ಕೆ ಮುಖ ಕಿವುಚಿದರು. "ಮಳೆಗಾಲದಲ್ಲಿ ಒಣಗದೇ ಇರೋ ಚರ್ಮದ ಚಪ್ಪಲಿ."

"ಹಾಗಾದ್ರೆ ಅದನ್ನ ಬಿಟ್ಬಿಡೋಣ."

"ಬಿಡ್ಬೇಡಿ. ಅರೇಬಿಕಾ ಕಾಫಿಗೆ ಒಂಚೂರು ರೋಬಸ್ಟಾ ಹಾಕಲ್ವಾ ನಾವು? ಅದೊಂದೇ ಕುಡಿಯೋಕಾಗಲ್ಲ. ಅದಿಲ್ದಿದ್ರೆ ಬಾಡಿ ಬರಲ್ಲ."

ಹನ್ನೊಂದನೆಯ ಲೋಟಕ್ಕೆ ಹದ ಸಿಕ್ಕಿತು. ಹತ್ತರಲ್ಲಿ ಐದು ಪಾಲು ಗ್ರೆನಾಷ್, ನಾಲ್ಕು ಶಿರಾಜ್, ಒಂದು ಮೂರ್ವೆಡ್ರ್. ಔತಣಕ್ಕೆ ಬೇಕಾದಷ್ಟನ್ನು ಅದೇ ಅಳತೆಯಲ್ಲಿ ಡ್ರಮ್ಮಿನಲ್ಲಿ ಬೆರೆಸಿಸಿ, ಹದಿನೈದು ದಿನ ಗಾಳಿಯಾಡದಂತೆ ಮುಚ್ಚಿಡಲು ಹೇಳಿ ವಿಮಲಮ್ಮ ಮನೆಗೆ ಹೋದರು.

ಮದುವೆಯ ಹಿಂದಿನ ದಿನ ಬಂದು ಡ್ರಮ್ಮಿನ ಮುಚ್ಚಳ ತೆಗೆದು ಮೂಸಿದವರು ಹಾಗೇ ನಿಂತುಬಿಟ್ಟರು.

"ಇದಕ್ಕೆ ಮತ್ತೆ ಶಿರಾಜ್ ಸೇರ್ಸಿದ್ದು ಯಾರು?"

ಶಶಿಕಿರಣ್ ಕತ್ತು ಕೆರೆದುಕೊಂಡರು. "ಎರಡೇ ಲೀಟರು. ಬಣ್ಣ ಇನ್ನೂ ಗಾಢ ಬರ್ಲಿ ಅಂತ..."

"ಕೆಲಸ ಒಪ್ಪಿಸಿದ ಮೇಲೆ ಕೈ ಹಾಕ್ಬಾರ್ದು."

ಇಷ್ಟು ವರ್ಷದಲ್ಲಿ ಯಾವ ಮಾಲೀಕರಿಗೂ ಅವರು ಹಾಗೆ ಅಂದಿರಲಿಲ್ಲ. ಶಶಿಕಿರಣ್ ಒಳಗೆ ಹೋಗಿ ಉಳಿದಿದ್ದ ಗ್ರೆನಾಷ್ ಕ್ಯಾನನ್ನು ತಾವೇ ಹೊತ್ತು ತಂದರು. ವಿಮಲಮ್ಮ ಲೋಟಲೋಟವಾಗಿ ಸುರಿದು, ಪ್ರತಿ ಸಲವೂ ರುಚಿ ನೋಡಿ, ಸಾಕೆನಿಸಿದಾಗ ನಿಲ್ಲಿಸಿದರು.

ಮರುದಿನದ ಔತಣದಲ್ಲಿ ಕಡುಬು, ಹಂದಿ ಸಾರಿನ ಜೊತೆ ಆ ವೈನ್ ಸರಾಗವಾಗಿ ಇಳಿಯಿತು. ಷಡಕ್ಷರಿ ಒಂದು ಗುಟುಕು ಕುಡಿದು, ಇನ್ನೊಂದು ಕುಡಿದು, ಬೆರೆಸಿದ್ದು ಯಾರೆಂದು ವಿಚಾರಿಸುತ್ತಾ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದ ವಿಮಲಮ್ಮನ ಎದುರು ಬಂದು ನಿಂತರು.

"ಫೆಬ್ರವರಿಗೆ ನಮ್ಮಲ್ಲಿ ಕೊಯ್ಲು, ಅಮ್ಮ. ಬೇಸಿಗೆ ಕೊನೆಗೆ ಹೊಸ ವೈನ್ ಬೆರೆಸುವಾಗ ನೀವು ಬರ್ಬೇಕು."

"ಇವ್ರನ್ನೂ ಕರ್ಕೊಂಡು ಬರ್ತೀನಿ" ಎಂದು ವಿಮಲಮ್ಮ ಪಕ್ಕದ ಎಲೆಗೆ ಕೂತಿದ್ದ ಗಂಡನ ಕಡೆ ಕೈ ತೋರಿಸಿದರು.

ಮಳೆಗಾಲಕ್ಕೆ ಮೊದಲು ಇಬ್ಬರೂ ಬಸ್ಸು ಹತ್ತಿದರು. ವೈನರಿಯ ಉದ್ದ ಮೇಜಿನ ಮೇಲೆ ಮೂವತ್ತು ಲೋಟ ಸಾಲಾಗಿ ಕಾಯುತ್ತಿದ್ದವು. ವಿಮಲಮ್ಮ ಮೂಲೆಯಲ್ಲಿ ಉರಿಯುತ್ತಿದ್ದ ಊದುಬತ್ತಿ ಆರಿಸಲು ಹೇಳಿ, ಕಿಟಕಿ ತೆಗೆಸಿ, ಸೆರಗು ಸಿಕ್ಕಿಸಿಕೊಂಡು ಮೊದಲನೆಯದನ್ನು ಎತ್ತಿಕೊಂಡರು.