ಸ್ಟೆಪ್ನಿಯ ಹಿಂದಿನ ಗಂಟು

ನಮ್ಮ ಇಂಡಿ ಕಡೆಯ ಲಿಂಬೆಹಣ್ಣಿಗೆ ಎರಡು ಬಗೆಯ ಬಾಳು. ಒಂದು ಹಿಂಡಿಸಿಕೊಳ್ಳುವುದು, ಇನ್ನೊಂದು ನೇತುಹಾಕಿಸಿಕೊಳ್ಳುವುದು. ಮೊದಲನೆಯದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಬಿಸಿಲಲ್ಲಿ ಅಲೆದು ಬಂದಾಗ ಚಿಟಿಕೆ ಉಪ್ಪು ಹಾಕಿದ ಪಾನಕವಾಗಿ ಅದು ಎದುರಾದರೆ ಎದ್ದು ನಿಂತು ಸ್ವಾಗತಿಸುವಷ್ಟು ಗೌರವವಿದೆ. ತಕರಾರು ಇದ್ದದ್ದು ಎರಡನೆಯದರ ಬಗ್ಗೆ. ಅಮವಾಸ್ಯೆ ಬಂತೆಂದರೆ ನಮ್ಮೂರಿನ ಜೀಪು, ಟ್ರ್ಯಾಕ್ಟರುಗಳೆಲ್ಲ ಮೂಗಿಗೆ ನತ್ತು ಇಟ್ಟುಕೊಂಡಂತೆ ಒಂದು ಲಿಂಬೆಹಣ್ಣು, ನಾಲ್ಕಾರು ಹಸಿಮೆಣಸಿನಕಾಯಿ ಕಟ್ಟಿಸಿಕೊಂಡು ಹೊರಡುತ್ತವೆ. ಹೈಸ್ಕೂಲಿನಲ್ಲಿ ಆಯುಷ್ಯವೆಲ್ಲ ಕನ್ನಡ ಕಲಿಸಿ, ನಡುನಡುವೆ ಮೂಢನಂಬಿಕೆಯ ವಿರುದ್ಧ ಕರೆದಲ್ಲೆಲ್ಲ, ಒಮ್ಮೊಮ್ಮೆ ಕರೆಯದಲ್ಲಿಯೂ ಭಾಷಣ ಬಿಗಿದ ನಾನು, ನಮ್ಮ ಪಿಕಪ್ ಗಾಡಿಗೆ ಆ ಆಭರಣ ಕೂಡದೆಂದು ಕಟ್ಟಪ್ಪಣೆ ಮಾಡಿದ್ದೆ. ಲಿಂಬೆಹಣ್ಣು ಗಾಡಿಯ ಒಳಗಿರಬೇಕು, ಹೊರಗಲ್ಲ ಎಂಬುದು ನನ್ನ ಸಿದ್ಧಾಂತ.

ಈ ಸಿದ್ಧಾಂತವನ್ನು ತಾಳ್ಮೆಯಿಂದ ಕೇಳಿಸಿಕೊಂಡು "ಆತ್ರಿ ಮಾಸ್ತರ್ರ" ಎಂದವನು ಮಾಳಪ್ಪ, ನಮ್ಮ ಡ್ರೈವರ್. ಗಾಡಿ ನನ್ನ ಹೆಸರಿನಲ್ಲಿತ್ತೇ ಹೊರತು ಅದರ ಸಕಲ ಸುಖದುಃಖಗಳೂ ಅವನವು. ನಮ್ಮ ತೋಟದ ಲಿಂಬೆಯನ್ನು ಪೇಟೆ ಮುಟ್ಟಿಸುವುದು ಅವನ ಕೆಲಸ. ಅವನು ತೋರಿಸಿದ ಕಾಗದಕ್ಕೆ ಸಹಿ ಮಾಡುವುದು ನನ್ನ ಕೆಲಸ. ಹೀಗೆ ಹನ್ನೆರಡು ವರ್ಷ ಸುಗಮವಾಗಿ ಸಾಗಿತ್ತು. ಹೋದ ವರ್ಷ ಒಂದು ಮಟಮಟ ಮಧ್ಯಾಹ್ನ ಸಿಂದಗಿಯಲ್ಲಿ ಮಾಲು ಇಳಿಸಿ, ಖಾನಾವಳಿಯಲ್ಲಿ ಎರಡು ರೊಟ್ಟಿ ತಿಂದು ಮಾಳಪ್ಪ ಹೊರಬರುವಷ್ಟರಲ್ಲಿ ಗಾಡಿ ನಿಂತಿದ್ದ ಜಾಗದಲ್ಲಿ ನಾಲ್ಕು ಹನಿ ಆಯಿಲ್ ಮಾತ್ರ ಉಳಿದಿತ್ತು. ಕೀಲಿ ಅವನ ಅಂಗಿಯ ಜೇಬಿನಲ್ಲೇ ಇತ್ತು.

ದೂರು ಬರೆಯುವ ಸಂದರ್ಭ ಒದಗಿದ್ದಕ್ಕೆ ನನಗೆ ಆದದ್ದು ದುಃಖವೊಂದೇ ಎಂದರೆ ಸುಳ್ಳಾಗುತ್ತದೆ. ನಿವೃತ್ತಿಯಾದ ಮೇಲೆ ನನ್ನ ಗದ್ಯವನ್ನು ಓದಲೇಬೇಕಾದವರು ಯಾರೂ ಇರಲಿಲ್ಲ; ಪೊಲೀಸರು ಓದಲೇಬೇಕಲ್ಲ. ಮೂರು ಪುಟ ಬರೆದೆ. ಎರಡನೆಯ ಪುಟದ ಕೊನೆಗೆ ವಾಕ್ಯದ ಓಟಕ್ಕೆ ಒಂದು ತೂಕ ಬೇಕೆನಿಸಿ, "ಸದರಿ ವೇಳೆಯಲ್ಲಿ ಕೀಲಿಕೈಯು ಚಾಲಕನ ವಶದಲ್ಲಿಯೇ ಇದ್ದಿತೆಂಬ ಸಂಗತಿಯು ಗಮನಾರ್ಹವಾಗಿದೆ" ಎಂದು ಸೇರಿಸಿದೆ. ಕಳ್ಳರು ಕೀಲಿಯಿಲ್ಲದೆ ಬೇರೇನೋ ಉಪಾಯ ಮಾಡಿದ್ದಾರೆಂಬುದು ನಾನು ಹೇಳಹೊರಟ ಅರ್ಥ. ಸಿಂದಗಿ ಠಾಣೆಯ ಹವಾಲ್ದಾರರು ಮೂರೂ ಪುಟ ತಿರುವಿ, ಆ ಒಂದು ಸಾಲಿನ ಕೆಳಗೆ ಮಾತ್ರ ಕೆಂಪು ಗೆರೆ ಎಳೆದರು. ನನ್ನ ಬರವಣಿಗೆಯನ್ನು ಅಷ್ಟು ಗಂಭೀರವಾಗಿ ಯಾರೂ ತೆಗೆದುಕೊಂಡಿರಲಿಲ್ಲ.

ಅಂದಿನಿಂದ ಎರಡು ದಿನಕ್ಕೊಮ್ಮೆ ಮಾಳಪ್ಪನಿಗೆ ಠಾಣೆಯ ಬೆಂಚು ಕಾಯಂ ಆಯಿತು. ಮುಂಜಾನೆ ಇಂಡಿಯಿಂದ ಬಸ್ಸು ಹತ್ತಿ ಹೋಗುವುದು, ಕೇಳಿದ್ದನ್ನೇ ಕೇಳಿಸಿಕೊಳ್ಳುವುದು, ಹೇಳಿದ್ದನ್ನೇ ಹೇಳುವುದು, ಸಂಜೆ ಬರುವುದು. ಓಣಿಯ ಜನ ಅವನನ್ನು ನೋಡುವ ರೀತಿ ಬದಲಾಯಿತು. ನಾನು ಹವಾಲ್ದಾರರಿಗೆ "ಇವನ ಮೇಲೆ ನನಗೆ ಸಂಶಯವಿಲ್ಲ" ಎಂದು ಹೇಳಿದೆ. ಅವರು "ಬರಕೊಟ್ಟೀರಲ್ರಿ" ಎಂದರು. ನಿಮ್ಮಿಂದೇನು ಮುಚ್ಚುಮರೆ? ಒಂದೆರಡು ಸಲ ಊಟಕ್ಕೆ ಕೂತಾಗ, ಕೀಲಿ ಇಲ್ಲದೆ ಗಾಡಿ ಹೋಗುವುದಾದರೂ ಹೇಗೆ ಎಂಬ ಯೋಚನೆ ನನ್ನ ತಲೆಯಲ್ಲೂ ಸುಳಿದಿತ್ತು. ಆ ಯೋಚನೆಗೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಒಂದೂವರೆ ತಿಂಗಳ ಮೇಲೆ ಬಸವನ ಬಾಗೇವಾಡಿಯ ಹತ್ತಿರ ಇಬ್ಬರ ಸಮೇತ ಒಂದು ಪಿಕಪ್ ಸಿಕ್ಕಿದೆ, ಬಂದು ಗುರುತು ಹಿಡಿಯಿರಿ ಎಂದು ಕರೆ ಬಂತು. ನಾನೂ ಮಾಳಪ್ಪನೂ ಹೋದೆವು. ಸಿಂದಗಿ ಠಾಣೆಯ ಅಂಗಳದಲ್ಲಿ ತಂದು ನಿಲ್ಲಿಸಿದ್ದ ಗಾಡಿ ನೀಲಿ, ನಮ್ಮದು ಬಿಳಿ. ಚಾಸಿ, ಇಂಜಿನ್ ನಂಬರುಗಳನ್ನು ನುಣ್ಣಗೆ ತೀಡಿ ಹಾಕಿದ್ದರು. ಸಿಕ್ಕ ಇಬ್ಬರೂ ಗಾಡಿ ತಮ್ಮದೇ ಎಂದು ಹಟ ಹಿಡಿದಿದ್ದರು. "ನಿಮ್ಮ ಗಾಡಿ ಗುರುತು ಹೇಳ್ರಿ ಮಾಸ್ತರ್ರ" ಎಂದು ಹವಾಲ್ದಾರರು ಕಾಗದ ಹಿಡಿದು ಕೂತರು.

ಗುರುತುಗಳಿಗೇನು ಬರ? ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ ಎಂದೆ. ಹವಾಲ್ದಾರರು ಹೋಗಿ ತೆರೆದರು, ತೆರೆಯಿತು. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದಾಗ ಮಾತ್ರ ಹಾರ್ನ್ ಕೂಗುತ್ತದೆ ಎಂದೆ. ಅದು ಎತ್ತ ತಿರುಗಿಸಿದರೂ ಕೂಗಿತು. ಮಾಲು ಇಳಿಸುವ ಹಿಂದಿನ ಬಾಗಿಲನ್ನು ತಂತಿಯಿಂದ ಬಿಗಿದಿದ್ದೇವೆ ಎಂದೆ. ಅಲ್ಲಿ ಹೊಸ ಚಿಲಕ ಹೊಳೆಯುತ್ತಿತ್ತು. ಮಾಳಪ್ಪ ವರ್ಷಗಟ್ಟಲೆ ಕೇಳಿದ್ದ, ನಾನು ವರ್ಷಗಟ್ಟಲೆ "ನೋಡೋಣ" ಎಂದಿದ್ದ ಎಲ್ಲ ರಿಪೇರಿಗಳನ್ನೂ ಆ ಪುಣ್ಯಾತ್ಮರು ಒಂದೂವರೆ ತಿಂಗಳಲ್ಲಿ ಮುಗಿಸಿದ್ದರು. ನನಗಿಂತ ಉತ್ತಮ ಮಾಲೀಕನ ಕೈ ಸೇರಿದ್ದ ಗಾಡಿಯನ್ನು ನನ್ನದೆಂದು ಹೇಳಲು ನನಗೇ ಸಂಕೋಚವಾಯಿತು.

"ನೀವು ಹೇಳಿದ್ದು ಒಂದೂ ಇದ್ರಾಗ ಇಲ್ರಿ" ಎಂದರು ಹವಾಲ್ದಾರರು. "ಗಾಡಿ ನಿಮ್ದಲ್ಲ ಅಂತಾದ್ರ, ಈ ಮಾಳಪ್ಪನ ವಿಚಾರಣಿ ಹಂಗ ನಡೀತದ ನೋಡ್ರಿ."

ಮಾಳಪ್ಪ ನೆಲ ನೋಡುತ್ತ ನಿಂತಿದ್ದ. "ಒಂದು ಗುರುತು ಐತ್ರಿ ಸಾಹೇಬ್ರ. ಆದ್ರ ಮಾಸ್ತರ್ರ ಮುಂದ ಹೇಳಾಕ ಬರೂದಿಲ್ರಿ."

ಕಳವಾದ ಗಾಡಿಯ ಮಾಲೀಕನನ್ನೇ ಹೊರಗೆ ನಿಲ್ಲಿಸಿ ವಿಚಾರಣೆ ನಡೆಸಿದ ಪ್ರಸಂಗ ಅಪರೂಪದ್ದೇ ಇರಬೇಕು. ಹತ್ತು ನಿಮಿಷ ಬೇವಿನ ಮರದ ಕೆಳಗೆ ನಿಂತೆ. ಒಬ್ಬ ಪೊಲೀಸಪ್ಪ ಗಾಡಿಯ ಕೆಳಗೆ ಅಂಗಾತ ನುಸುಳುವುದು, "ಐತ್ರೀ ಸಾಹೇಬ್ರ" ಎಂದು ಕೂಗುವುದು ಕಂಡಿತು, ಕೇಳಿತು. ನನ್ನನ್ನು ಕರೆದರು. ಬಗ್ಗಿ ನೋಡಿದೆ. ಸ್ಟೆಪ್ನಿ ಗಾಲಿಯ ಹಿಂದೆ, ಬಗ್ಗದವರಿಗೆ ಎಂದೂ ಕಾಣದ ಮೂಲೆಯಲ್ಲಿ, ಕೆಂಪು ಬಟ್ಟೆಯ ಒಂದು ಗಂಟು. ಒಳಗೆ ಲಿಂಬೆಹಣ್ಣು. ಕಳ್ಳರು ಅದರ ಸುತ್ತ ಒಪ್ಪವಾಗಿ ನೀಲಿ ಬಳಿದು ಗಂಟನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು.

ಆ ಬಟ್ಟೆ ನನಗೆ ಗೊತ್ತಿತ್ತು. ಮುದ್ದೇಬಿಹಾಳದಲ್ಲಿ ವೈಚಾರಿಕತೆಯ ಬಗ್ಗೆ ಒಂದೂವರೆ ತಾಸು ಮಾತಾಡಿದ್ದಕ್ಕೆ ನನಗೆ ಹೊದಿಸಿದ ಸನ್ಮಾನದ ಶಾಲು ಅದು. ಗಾಡಿಯ ಗಾಜು ಒರೆಸಲೆಂದು ಮಾಳಪ್ಪನಿಗೆ ಕೊಟ್ಟಿದ್ದೆ. ಅವನು ಅದರ ಅಂಚಿನಿಂದ ಒಂದು ಚೂರು ಹರಿದುಕೊಂಡು, ಉಳಿದದ್ದನ್ನು ಮನೆಯಲ್ಲಿ ಮಡಿಸಿ ಇಟ್ಟಿದ್ದ. ಮರುದಿನ ಅವನ ಹೆಂಡತಿ ಅದನ್ನು ತಂದಳು. ಹರಿದ ಅಂಚಿಗೆ ಅಂಚು ಕೂಡಿಸಿ ನೋಡಬೇಕು. ಅದಕ್ಕೆ ಗಂಟು ಬಿಚ್ಚಬೇಕು. ಸಾಕ್ಷಿಗೆಂದು ಕರೆಸಿದ್ದ ಪಂಚರಿಬ್ಬರೂ ಹಿಂದೆ ಸರಿದರು. ಪೊಲೀಸಪ್ಪ ಆಕಾಶ ನೋಡಿದ.

"ಇಂಥಾದ್ದು ಯಾಂವ ಬಿಚ್ಚತಾನ್ರಿ" ಎಂದರು ಹವಾಲ್ದಾರರು. "ಮಾಳಪ್ಪನ ಮ್ಯಾಲ ಸಂಶೆ ಐತಿ, ಅಂವ ಮುಟ್ಟಂಗಿಲ್ಲ. ನೀವ ಬಿಚ್ರಿ ಮಾಸ್ತರ್ರ. ನಿಮಗೆಂತೂ ನಂಬಿಕಿ ಇಲ್ಲಲ್ಲ."

ಗಾಡಿಯ ಕೆಳಗೆ ತಲೆ ತೂರಿಸಿ ಗಂಟಿಗೆ ಕೈ ಹಾಕಿದೆ. ಎಡಗೈ ಹಾಕಿದ್ದವನು, ಯಾಕೋ, ಬಲಗೈಗೆ ಬದಲಿಸಿದೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಮಾಳಪ್ಪ ತಗ್ಗಿದ ದನಿಯಲ್ಲಿ ಹೇಳಿದ: "ಸಿಟ್ಟಾಗಬ್ಯಾಡ್ರಿ. ನಿಮಗ ಎದಿಬ್ಯಾನಿ ಬಂದಾಗ ಇದ ಗಾಡ್ಯಾಗ ಬುಟ್ಟಿ ನಡುವ ಮಲಗಿಸಿ ದವಾಖಾನಿಗೆ ಒಯ್ದಿದ್ನಿಲ್ರಿ. ಆವತ್ತಿಂದ ಅಮಾಸಿಗೊಮ್ಮಿ ಬದಲ್ ಮಾಡಾಕತ್ತೇನಿ. ಗಾಡಿ ಸಲುವಾಗಿ ಅಲ್ರಿ, ನಿಮ್ಮ ಸಲುವಾಗಿ."

ನಾನು ಇವನ ಬಗ್ಗೆ ಬರೆದದ್ದು ಒಂದೇ ಸಾಲು. ಅದನ್ನೂ ಎಂಥದ್ದು ಬರೆದಿದ್ದೆ. ಗಂಟು ಬಿಚ್ಚುವುದು ಬಹಳ ಹೊತ್ತು ಹಿಡಿಯಿತು. ಕಣ್ಣು ಮಂಜಾಗಿತ್ತು, ಆಯಿಲ್ ಬಿತ್ತು ಎಂದು ಹೇಳಿಕೊಂಡೆ.

ಅಂಚಿಗೆ ಅಂಚು ಕೂಡಿತು. ಅದನ್ನು ಕಂಡು, ಗಾಡಿಯ ಜೊತೆ ಸಿಕ್ಕಿಬಿದ್ದಿದ್ದ ಇಬ್ಬರೂ ಬಾಯಿ ಬಿಟ್ಟು, ತಾವು ಬಳಸಿದ ನಕಲಿ ಕೀಲಿಯನ್ನು ತೋರಿಸಿಕೊಟ್ಟರು. ಮಾಳಪ್ಪನಿಗೆ ಬೆಂಚು ತಪ್ಪಿತು. ಹವಾಲ್ದಾರರು ಎದ್ದು ಅವನಿಗೆ ಚಹಾ ತರಿಸಿದರು, ನನಗೆ ತರಿಸಲಿಲ್ಲ. ಅದು ನ್ಯಾಯವೇ ಆಗಿತ್ತು.

ಕೋರ್ಟು ಗಾಡಿಯನ್ನು ತಾತ್ಕಾಲಿಕವಾಗಿ ನನ್ನ ಸುಪರ್ದಿಗೆ ಕೊಟ್ಟು ಮುಚ್ಚಳಿಕೆ ಬರೆಸಿಕೊಂಡಿತು: ಪ್ರಕರಣ ಮುಗಿಯುವವರೆಗೆ ಗಾಡಿಯನ್ನು ಮಾರಕೂಡದು, ಬಣ್ಣ ಬದಲಿಸಕೂಡದು, ಪಂಚನಾಮೆಯಲ್ಲಿ ನಮೂದಾದ ಗುರುತುಗಳನ್ನು ಇದ್ದಂತೆಯೇ ಕಾಪಾಡಬೇಕು. ಗುರುತು ಸಂಖ್ಯೆ ಒಂದು: ಕೆಂಪು ಬಟ್ಟೆಯಲ್ಲಿ ಕಟ್ಟಿದ, ಒಣಗಿದ ಲಿಂಬೆಹಣ್ಣು. ಬಿಚ್ಚಿದವನೇ ತಿರುಗಿ ಕಟ್ಟಬೇಕಾಯಿತು. ನನ್ನ ಗಂಟು ಸಡಿಲಾಯಿತೆಂದು ಮಾಳಪ್ಪ ಇನ್ನೊಮ್ಮೆ ಬಿಗಿದ.

ಹೀಗಾಗಿ ದಿನಾ ಬೆಳಿಗ್ಗೆ ನಾನು ಗಾಡಿಯ ಹಿಂದೆ ಬಗ್ಗಿ ನೋಡುತ್ತೇನೆ. ಮಾಸ್ತರರು ಇಳಿವಯಸ್ಸಿನಲ್ಲಿ ಗಾಡಿಗೆ ಕೈಮುಗಿಯತೊಡಗಿದ್ದಾರೆಂದು ಓಣಿಯಲ್ಲಿ ಸುದ್ದಿ. ಕೋರ್ಟಿನ ಅಪ್ಪಣೆಯೆಂದರೆ ನಗುತ್ತಾರೆ. ಲಿಂಬೆಹಣ್ಣಿನ ಬಗ್ಗೆ ನನಗೆ ಇವತ್ತಿಗೂ ನಂಬಿಕೆ ಹುಟ್ಟಿಲ್ಲ. ಮುದ್ದೇಬಿಹಾಳದವರು ಮತ್ತೆ ಕರೆದರೆ ಅದೇ ಭಾಷಣ ಮಾಡುತ್ತೇನೆ.

ಮೊನ್ನೆ ಅಮವಾಸ್ಯೆ. ಕೋರ್ಟಿನ ಹಣ್ಣನ್ನು ಬದಲಿಸುವಂತಿಲ್ಲವೆಂದು ಮಾಳಪ್ಪ ಮುಖ ಸಣ್ಣದು ಮಾಡಿಕೊಂಡು ಸೀಟಿನಲ್ಲಿ ಕೂತಿದ್ದ. ತೋಟಕ್ಕೆ ಹೋಗಿ ಹಳದಿಗೆ ತಿರುಗಿದ ಒಂದು ಹಣ್ಣು ಕಿತ್ತು ತಂದು, ಗಾಡಿಯ ಮುಂದುಗಡೆ, ಊರಿಗೆಲ್ಲ ಕಾಣುವಂತೆ, ನಾನೇ ಕಟ್ಟಿದೆ.

"ಯಾರ ಸಲುವಾಗ್ರಿ ಮಾಸ್ತರ್ರ?" ಎಂದ.

"ಗಾಡಿ ಓಡಸಾವ ನೀನಲ್ಲೇನಪಾ" ಎಂದೆ.

ಅವನು ಕೆಳಗಿಳಿದು ಬಂದು ನನ್ನ ಗಂಟನ್ನು ಇನ್ನೊಮ್ಮೆ ಬಿಗಿದ.